ಮೊಳೆ ಹೊಡೆಯದ ಮನೆ

ನನ್ನ ಮಗಳು ಹುಟ್ಟಿದ್ದು ಒಮಾನ್ ದೇಶದ ನಿಜ್ವಾದಲ್ಲಿ. ನಡೆಯಲು ಕಲಿತದ್ದು ನಮ್ಮ ಮನೆ ಮಾಲೀಕರ ಖರ್ಜೂರದ ತೋಟದಲ್ಲಿ, ಓದಿದ್ದು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ. ವಿಜಯಪುರ ಅವಳ ಪಾಲಿಗೆ ರಜೆಯಲ್ಲಿ ಹೋಗಿಬರುವ ಅಜ್ಜಿಯ ಊರು, ಅಷ್ಟೆ. ಆದರೂ ಕಾಗದಪತ್ರದ ಪ್ರಕಾರ ಅವಳು ಇಲ್ಲಿಯವಳಲ್ಲ, ನನ್ನ ಕೆಲಸದ ಬೆನ್ನಿಗೆ ಅಂಟಿಕೊಂಡು ಬಂದವಳು. ನನ್ನ ವೀಸಾ ಮುಗಿದರೆ ಅವಳದೂ ಮುಗಿಯಿತು. ಗಲ್ಫಿನಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯವಿದು, ಗೊತ್ತಿದ್ದೂ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರ ವೀಸಾವನ್ನು ಕಂಪನಿ ನವೀಕರಿಸದೆ, "ಖಲಾಸ್, ಇನ್ನು ಊರಿಗೆ ಹೋಗಿ" ಎಂದು ಕೈ ತೊಳೆದುಕೊಂಡಾಗ ಆ ಮಾತು ನಮ್ಮ ಊಟದ ತಟ್ಟೆಗೂ ಬಂತು.

"ಅಪ್ಪಾ, ನೆಕ್ಸ್ಟ್ ನಾವಾ?" ಎಂದಳು ಮಗಳು. "ನಾನು ಕಾಲೇಜ್ ಮಧ್ಯ ಇದ್ರೆ ಏನು ಮಾಡೋದು?"

ಹೆಂಡತಿ ನನ್ನ ಮುಖ ನೋಡಿದಳು. ಯಾರೂ ಬಂದು "ಏಳು, ಹೊರಡು" ಎನ್ನಲಾಗದ ಒಂದು ಊರು ಮಗಳಿಗೆ ಬೇಕು ಎಂದು ನಾನು ಆ ಹೊತ್ತಿಗೇ ನಿಶ್ಚಯ ಮಾಡಿದೆ. ಮುಂದಿನ ಒಂದು ವರ್ಷ ನಾನು ಪಟ್ಟ ಪಾಡೆಲ್ಲ ಈ ಒಂದು ನಿಶ್ಚಯಕ್ಕಾಗಿ.

ನನ್ನ ಕೆಲಸ ನೀರಿನದು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಶುದ್ಧ ನೀರು ಕೊಡುವ ಘಟಕವನ್ನು ನೋಡಿಕೊಳ್ಳುತ್ತೇನೆ. ಕುಡಿಯುವ ನೀರಿನಲ್ಲಿರುವ ಕ್ಲೋರಿನ್ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ. ಡಯಾಲಿಸಿಸ್ ಯಂತ್ರದ ಮೂಲಕ ರಕ್ತಕ್ಕೆ ಸೇರಿದರೆ ರಕ್ತಕಣ ಒಡೆದು ಮನುಷ್ಯ ಸಾಯಬಹುದು. ಹಾಗಾಗಿ ನೀರನ್ನು ಮೊದಲು ಗಡಸುತನ ತೆಗೆಯುವ, ಉಪ್ಪಿನ ತೊಟ್ಟಿಯಿರುವ ಸಾಫ್ಟ್‌ನರ್‌ಗೆ, ಆಮೇಲೆ ಒಂದರ ಹಿಂದೊಂದು ಎರಡು ಇದ್ದಿಲಿನ ಟ್ಯಾಂಕಿಗೆ, ಕೊನೆಗೆ ಆರ್‌ಓ ಪೊರೆಗಳಿಗೆ ಹಾಯಿಸುತ್ತೇವೆ. ಬೆಳಿಗ್ಗೆ ಮೊದಲ ರೋಗಿ ಮಂಚ ಹತ್ತುವ ಮುಂಚೆ ನಾನು ಮೊದಲನೇ ಇದ್ದಿಲಿನ ಟ್ಯಾಂಕ್ ದಾಟಿದ ನೀರು ಹಿಡಿದು ಕ್ಲೋರಿನ್ ಪರೀಕ್ಷೆ ಮಾಡಿ ಸಹಿ ಹಾಕಬೇಕು. ನನ್ನ ಸಹಿ ಬೀಳದೆ ನರ್ಸುಗಳು ಯಂತ್ರ ಮುಟ್ಟುವುದಿಲ್ಲ. ನನ್ನ ಸಂಬಳ ಕೊಡುವುದು ಆಸ್ಪತ್ರೆಯಲ್ಲ, ಮಸ್ಕತ್ತಿನ ಘಾಲಾದಲ್ಲಿ ಕಚೇರಿಯಿರುವ ಗುತ್ತಿಗೆ ಕಂಪನಿ. ನಾನು ಸೇರುವಾಗ ಅವರ ಹತ್ತಿರ ಖಾಲಿ ಇದ್ದದ್ದು ಪ್ಲಂಬರ್ ವೀಸಾ. ಹೀಗಾಗಿ ಇಲ್ಲಿನ ವಾಸದ ಕಾರ್ಡಿನಲ್ಲಿ ನಾನು ಇಂದಿಗೂ ಪ್ಲಂಬರ್.

ಮಸ್ಕತ್ ಹತ್ತಿರದ ಅಲ್ ಖೌದ್‌ನಲ್ಲಿ ಒಬ್ಬ ವೀಸಾ ಏಜೆಂಟ್ ಇದ್ದಾನೆ, ಮಂಗಳೂರು ಕಡೆಯವನು, ಮಾತಿನಲ್ಲಿ ಬೆಣ್ಣೆ. ಅವನೇ ಈ ದಾರಿ ತೋರಿಸಿದ್ದು. ಕೆನಡಾದ ಬಯಲು ಸೀಮೆಯಲ್ಲಿ ಜನ ಕಡಿಮೆಯಿರುವ ಸಣ್ಣ ಊರುಗಳಿವೆ. ಅಲ್ಲಿನ ಒಬ್ಬ ಮಾಲೀಕ ಕೆಲಸ ಕೊಡಬೇಕು, ಊರಿನ ಸಮಿತಿ "ಈ ಮನುಷ್ಯ ನಮ್ಮಲ್ಲಿ ನೆಲೆಸುತ್ತಾನೆ" ಎಂದು ಶಿಫಾರಸು ಮಾಡಬೇಕು. ಆಮೇಲೆ ಸರ್ಕಾರ ಕಾಯಂ ವಾಸದ ಅರ್ಜಿ ತೆಗೆದುಕೊಳ್ಳುತ್ತದೆ. ಅಂಥ ಒಂದು ಊರಿನ ಆಸ್ಪತ್ರೆಗೆ ಡಯಾಲಿಸಿಸ್ ನೀರಿನ ತಂತ್ರಜ್ಞ ಬೇಕಾಗಿದ್ದ.

"ನಿಮಗೆ ಹೇಳಿ ಮಾಡಿಸಿದ ಹಾಗೆ ಉಂಟು ಸಾರ್," ಎಂದ ಏಜೆಂಟ್. "ಊರು ಸಣ್ಣದು, ಚಳಿ ಸಾಯುವಷ್ಟು. ಆದ್ರೆ ನೀವು ತಲೆಬಿಸಿ ಮಾಡ್ಬೇಡಿ. ಒಮ್ಮೆ ಕಾರ್ಡ್ ಕೈಗೆ ಸಿಗ್ಲಿ. ಮತ್ತೆ ನೀವುಂಟು, ಟೊರಾಂಟೊ ಉಂಟು. ಯಾರು ಕೇಳ್ತಾರೆ?"

"ನಾವ್ ಟೊರಾಂಟೊಕ್ಕ ಹೋಗಾಂಗಿಲ್ರಿ," ಎಂದೆ. "ಅಲ್ಲೇ ಇರ್ತೀವಿ."

ಅವನು ನಕ್ಕ. "ಎಲ್ಲರೂ ಹಾಗೇ ಹೇಳುದು ಮಾರಾಯ್ರೆ." ಆ ನಗು ನನಗೆ ಆಗಲೇ ಚುಚ್ಚಬೇಕಿತ್ತು. ಕೆಲಸ ಆಗಬೇಕಿತ್ತು, ಸುಮ್ಮನಿದ್ದೆ.

ಮೊದಲು ಇಂಗ್ಲಿಷ್ ಪರೀಕ್ಷೆ, ಡಿಪ್ಲೊಮಾದ ಮೌಲ್ಯಮಾಪನ, ಎರಡು ದೇಶಗಳ ಪೊಲೀಸ್ ಪತ್ರ. ಇವೆಲ್ಲ ತಡವಾದರೂ ಆದವು. ಸಿಕ್ಕಿಹಾಕಿಕೊಂಡದ್ದು ಕೆಲಸದ ಅನುಭವ ಪತ್ರದಲ್ಲಿ. ನಾನು ಏನೇನು ಕೆಲಸ ಮಾಡುತ್ತೇನೆ ಎಂಬ ವಿವರವಿರುವ ಪತ್ರ ಬೇಕು. ನಿಜ್ವಾದಿಂದ ಘಾಲಾಕ್ಕೆ ಕಾರು ಓಡಿಸಿಕೊಂಡು ಹೋದೆ. ಎಚ್‌ಆರ್‌ನ ಮನುಷ್ಯ, ನಮ್ಮ ದೇಶದವನೇ, ಕಂಪ್ಯೂಟರಿನಿಂದ ತಲೆ ಎತ್ತದೆ, "ಪತ್ರ ಕೇಳ್ತಿದ್ದೀಯ ಅಂದ್ರೆ ಬಿಟ್ಟು ಹೋಗ್ತಿದ್ದೀಯ. ಹಾಗಾದ್ರೆ ಮೊದಲು ರಾಜೀನಾಮೆ ಕೊಡು" ಎಂದು ಹಿಂದಿಯಲ್ಲಿ ಹೇಳಿದ. ರಾಜೀನಾಮೆ ಕೊಟ್ಟರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ, ಮಗಳ ಶಾಲೆ ಎಲ್ಲ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಗಂಟೆಗಟ್ಟಲೆ ಕೂರಿಸಿ ಕೊನೆಗೆ ಒಂದು ಸಾಲು ಬರೆದುಕೊಟ್ಟ: ಇವರು ನಮ್ಮಲ್ಲಿ ಪ್ಲಂಬರ್.

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಒಬ್ಬ ರೋಗಿಗೂ ಕೆಟ್ಟ ನೀರು ಹೋಗದಂತೆ ಕಾದವನಿಗೆ ಇವನು ಕೊಡುವ ಮರ್ಯಾದೆ ಒಂದು ಸಾಲು, ಅದೂ ಸುಳ್ಳು. ಪ್ಲಂಬರ್ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ನಾನು ಮಾಡಿದ್ದು ಅದಲ್ಲವಲ್ಲ! ಮರುದಿನ ಆಸ್ಪತ್ರೆಯ ಒಮಾನಿ ಇಂಜಿನಿಯರ್ ಹತ್ತಿರ ಹೇಳಿಕೊಂಡೆ. ಅವರು ಕಂಪನಿಯನ್ನು ಬೈದು, ಅವತ್ತೇ ತಾವೇ ಘಟಕದ ಮುಂದೆ ನಿಂತು, ಒಂದೊಂದು ಟ್ಯಾಂಕ್ ತೋರಿಸಿ ಕೇಳುತ್ತ, ನಾನು ಮಾಡುವ ಕೆಲಸವನ್ನೆಲ್ಲ ಬರೆಸಿ ಸಹಿ ಹಾಕಿ ಕೊಟ್ಟರು. ಆ ಪತ್ರದ ಬಲದ ಮೇಲೆ ಕೆನಡಾದ ಆಸ್ಪತ್ರೆ ನನ್ನನ್ನು ಒಪ್ಪಿಕೊಂಡಿತು. ಉಳಿದದ್ದು ಊರಿನ ಸಮಿತಿಯ ಸಂದರ್ಶನ.

ಸಂದರ್ಶನ ವಿಡಿಯೊದಲ್ಲಿ. ನಮಗೆ ಸಂಜೆ, ಅವರಿಗೆ ಬೆಳಿಗ್ಗೆ. ಹಾಲಿನಲ್ಲಿ ಕುರ್ಚಿ ಹಾಕಿ, ಗೋಡೆಗೆ ಬೆನ್ನು ಮಾಡಿ ಕೂತೆ. ಆ ಕಡೆ ಸಮಿತಿಯ ಅಧ್ಯಕ್ಷೆ, ನಿವೃತ್ತ ಶಿಕ್ಷಕಿಯಂತೆ, ಮತ್ತು ಆಸ್ಪತ್ರೆಯ ನಿರ್ವಹಣೆ ನೋಡಿಕೊಳ್ಳುವ ಒಬ್ಬ ದಪ್ಪ ಮೀಸೆಯ ಮನುಷ್ಯ.

ಮೀಸೆಯವರು ಮೊದಲು ಕೇಳಿದರು: "ಮೊದಲನೇ ಇದ್ದಿಲಿನ ಟ್ಯಾಂಕ್ ಆದಮೇಲೆ ಕ್ಲೋರಿನ್ ಮಿತಿ ಮೀರಿ ಬಂತು. ರೋಗಿಗಳು ಯಂತ್ರದ ಮೇಲಿದ್ದಾರೆ. ಏನು ಮಾಡುತ್ತೀರಿ?"

"ಕೂಡಲೇ ಎರಡನೇ ಟ್ಯಾಂಕ್ ಆದಮೇಲಿನ ನೀರು ಪರೀಕ್ಷೆ ಮಾಡುತ್ತೇನೆ. ಅಲ್ಲಿ ಸರಿಯಿದ್ದರೆ ನರ್ಸಿಗೆ ತಿಳಿಸಿ, ಪದೇಪದೇ ಪರೀಕ್ಷೆ ಮಾಡುತ್ತ ನಡೆಸುತ್ತೇನೆ, ಮೊದಲನೇ ಟ್ಯಾಂಕ್ ಬದಲಿಸಲು ಹೇಳುತ್ತೇನೆ. ಅಲ್ಲೂ ಮೀರಿದ್ದರೆ ಡಯಾಲಿಸಿಸ್ ನಿಲ್ಲಿಸುತ್ತೇನೆ. ಯಾರು ಬೈದರೂ ನಿಲ್ಲಿಸುತ್ತೇನೆ."

ಮೀಸೆಯವರ ಮುಖ ಅರಳಿತು. ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದರು, ಎಲ್ಲಕ್ಕೂ ತಡವರಿಸದೆ ಹೇಳಿದೆ. ಗೆದ್ದೆ ಅಂದುಕೊಂಡೆ. ಆಗ ಅಧ್ಯಕ್ಷೆ ಬಾಯಿ ತೆರೆದರು.

"ಇಷ್ಟು ವರ್ಷ ನಿಜ್ವಾದಲ್ಲಿದ್ದೀರಿ. ಅದನ್ನು ನಿಮ್ಮ ಊರು ಅನ್ನುತ್ತೀರಾ?"

"ನೋ ನೋ ಮೇಡಂ," ಎಂದೆ. ಯೋಚನೆ ಮಾಡಲೇ ಇಲ್ಲ. "ನಾವು ಇಲ್ಲಿ ಟೆಂಪರರಿ. ಕೆಲಸಕ್ಕಾಗಿ ಮಾತ್ರ ಇದ್ದೇವೆ. ಕೆಲಸ ಮುಗಿದರೆ ಹೊರಟುಬಿಡುತ್ತೇವೆ."

"ನಮ್ಮ ಊರಿನಿಂದಲೂ?"

"ಖಂಡಿತ ಮೇಡಂ. ಕಾಂಟ್ರಾಕ್ಟ್ ಇರುವಷ್ಟು ದಿನ ಮಾತ್ರ. ನಿಮಗೆ ಯಾವ ತೊಂದರೆಯೂ ಕೊಡುವುದಿಲ್ಲ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ನನ್ನ ಹೆಗಲ ಮೇಲಿಂದ ಹಿಂದೆ ನೋಡಿ, "ಅಷ್ಟು ವರ್ಷ ಇದ್ದ ಮನೆಯ ಗೋಡೆ ಪೂರ್ತಿ ಬೋಳಾಗಿದೆ. ಒಂದು ಚಿತ್ರವೂ ಇಲ್ಲ" ಎಂದರು. ನಾನು ಹೆಮ್ಮೆಯಿಂದಲೇ ಉತ್ತರಿಸಿದೆ: "ಬಾಡಿಗೆ ಮನೆ ಮೇಡಂ. ನಾವು ಒಂದು ಮೊಳೆ ಕೂಡ ಹೊಡೆದಿಲ್ಲ."

ಪರದೆ ಆರಿದ ಮೇಲೆ ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಏನ್ರೀ ಇದು, ಹಂಗ್ಯಾಕ ಅಂದ್ರಿ? ಇಲ್ಲೇ ಇರ್ತೀವ್ರಿ ಅಂತ ಹೇಳಾಕ ಕೂತಾವ್ರು, ಹೊಕ್ಕೀವಿ ಹೊಕ್ಕೀವಿ ಅಂತ ಹೇಳಿ ಎದ್ದ್ರಲ್ಲ!"

ಆಗಲೇ ನನಗೆ ಹೊಳೆದದ್ದು.

ನಾನು ಹಾಗೆ ಯಾಕೆ ಅಂದೆ? ಗಲ್ಫಿಗೆ ಬಂದ ಯಾರನ್ನಾದರೂ ಕೇಳಿ ನೋಡಿ. "ಇನ್ನೆರಡು ವರ್ಷ ಅಷ್ಟೆ, ಆಮೇಲೆ ಊರು" ಎಂದು ಬಂದ ವರ್ಷ ಹೇಳುತ್ತಾರೆ, ತಲೆ ನರೆತ ಮೇಲೂ ಅದನ್ನೇ ಹೇಳುತ್ತಾರೆ. ಕಾರ್ಡ್ ನವೀಕರಿಸುವ ಕೌಂಟರಿನಲ್ಲಿ, ಕಂಪನಿಯಲ್ಲಿ, ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್‌ನ ಮುಂದೆ, ಎಲ್ಲೆಲ್ಲೂ ನಾವು ಕೊಡುವ ಭರವಸೆ ಒಂದೇ: ನಾವು ಹೋಗುವವರು, ಭಯಬೀಳಬೇಡಿ. ಇರುತ್ತೇವೆ ಎಂದರೆ ದುರಾಸೆ, ಹೋಗುತ್ತೇವೆ ಎಂದರೆ ಒಳ್ಳೆಯ ನಡತೆ. ಟಿವಿ, ಫ್ರಿಜ್, ಮಿಕ್ಸರ್ ಎಲ್ಲದರ ಖಾಲಿ ಡಬ್ಬಗಳನ್ನು ಅಟ್ಟದ ಮೇಲೆ ಜೋಪಾನ ಮಾಡಿಟ್ಟಿದ್ದೇವೆ, ಹೊರಡುವ ದಿನ ತುಂಬಲು ಬೇಕಲ್ಲ ಎಂದು. ಆ ಟಿವಿ ಕೆಟ್ಟು ಹೊಸದು ಬಂದರೂ ಹಳೆಯ ಡಬ್ಬ ಅಲ್ಲೇ ಇದೆ. ಇಂಥ ನಾಲಗೆ ಇಟ್ಟುಕೊಂಡು ನಾನು ನೆಲೆಸಲು ಅರ್ಜಿ ಹಾಕಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ.

ಕೆಲವು ದಿನದಲ್ಲೇ ಮೇಲ್ ಬಂತು. ಕೆಲಸದ ಬಗ್ಗೆ ಅನುಮಾನವಿಲ್ಲ, ನೆಲೆಸುವ ಮನಸ್ಸಿನ ಬಗ್ಗೆ ಇದೆ. ಈ ಮೊದಲು ಇದೇ ಹುದ್ದೆಗೆ ಬಂದ ಇಬ್ಬರು ಕಾಯಂ ಕಾರ್ಡ್ ಸಿಕ್ಕ ಕೂಡಲೇ ದೊಡ್ಡ ನಗರಕ್ಕೆ ಹೋದರು. ಘಟಕ ನಿಂತುಹೋಗಿ, ಊರಿನ ರೋಗಿಗಳು ಹಿಮದ ರಸ್ತೆಯಲ್ಲಿ ದೂರದ ನಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಾರೆ. ನಿಮಗೆ ಇನ್ನೊಮ್ಮೆ ಮಾತಾಡಲು ಅವಕಾಶ ಕೊಡುತ್ತೇವೆ ಎಂದು ಬರೆದಿದ್ದರು.

ಮೇಲ್ ಹಿಡಿದು ಅಲ್ ಖೌದ್‌ಗೆ ಹೋದೆ. ಏಜೆಂಟ್ ಓದಿ ತಲೆ ಚಚ್ಚಿಕೊಂಡ.

"ಎಂಥ ಸಾರ್ ನೀವು, ನಾನು ಹೇಳಿಕೊಟ್ಟದ್ದು ಎಂಥದು, ನೀವು ಹೇಳಿದ್ದು ಎಂಥದು! ಇರ್ಲಿ, ಸರಿ ಮಾಡುವ. ಅಲ್ಲಿ ನಿಮ್ಮ ಕಸಿನ್ ಒಬ್ಬ ಇದ್ದಾನೆ ಅಂತ ನಾನು ಲೆಟರ್ ಮಾಡಿಸ್ತೇನೆ. ನಿಜ್ವಾದಲ್ಲಿ ಸಮಾಜಸೇವೆ ಮಾಡಿದ ಸರ್ಟಿಫಿಕೇಟ್ ಒಂದು ಹಾಕುವ. ನಿಮ್ಮ ಮಗಳಿಗೆ ಐಸ್ ಹಾಕಿ ಆಟ ಅಂದ್ರೆ ಪ್ರಾಣ ಅಂತ ಬರೀರಿ. ಮತ್ತೆ ಆ ಬೋಳು ಗೋಡೆಗೆ ಕೆನಡಾದ ಫ್ಲ್ಯಾಗ್ ಒಂದು ಹಾಕಿ ಮಾರಾಯ್ರೆ, ಅವರು ಖುಷಿಯಾಗ್ತಾರೆ."

"ಆ ಇಬ್ರು ಓಡಿಹೋದ್ರಲ್ಲ, ಅವ್ರೂ ಧ್ವಜ ಹಾಕಿದ್ರೇನು?"

"ಹಾಕಿರ್ಬಹುದು. ಅವರ ಕೆಲಸ ಆಯ್ತಲ್ಲ?"

"ಅವ್ರ ಕೆಲಸ ಆತು. ಹಿಮದಾಗ ರೋಗಿ ಕರಕೊಂಡು ಅಡ್ಡಾಡಾವ್ರು ಯಾರು?"

"ಅದು ನಮಗೆ ಯಾಕೆ ಸಾರ್?"

ಅದು ನಮಗೆ ಯಾಕೆ! ಡಯಾಲಿಸಿಸ್ ಒಂದು ದಿನ ತಪ್ಪಿದರೆ ಮನುಷ್ಯನ ಮುಖ ಹೇಗೆ ಊದುತ್ತದೆ, ಉಸಿರಿಗೆ ಹೇಗೆ ಒದ್ದಾಡುತ್ತಾನೆ ಎಂಬುದನ್ನು ನಾನು ಕಣ್ಣಾರೆ ಕಂಡವನು. ಹತ್ತಿದ ಏಣಿ ಒದೆಯುವವರು ಎಲ್ಲ ಕಡೆ ಇರುತ್ತಾರೆ. ಇವನು ಏಣಿ ಹತ್ತುವ ಮುಂಚೆಯೇ ಒದೆಯುವುದನ್ನು ಹೇಳಿಕೊಡುತ್ತಿದ್ದ. ಇವನಂಥವನೇ ಯಾರೋ ಆ ಇಬ್ಬರನ್ನು ಕಳಿಸಿದ್ದು, ಅವರ ಪಾಪ ಈಗ ನನ್ನ ಮಗಳ ತಲೆಗೆ ಬರುತ್ತಿದೆ ಎನಿಸಿತು.

"ನನ್ನ ಫೈಲ್ ಕೊಡ್ರಿ," ಎಂದೆ.

"ಸಾರ್, ನಾನಿಲ್ಲದೆ ಆಗ್ಲಿಕ್ಕಿಲ್ಲ."

"ಆಗ್ಲಿಕ್ಕಂದ್ರ ಬಿಡ್ಲಿ. ಯಲ್ಲಾ, ಫೈಲ್ ಕೊಡ್ರಿ."

ಫೈಲ್ ಎತ್ತಿಕೊಂಡು ಬಂದೆ. ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ಮೇಲೆ, ಅವನ ಮೇಲೆ, ಘಾಲಾದ ಎಚ್‌ಆರ್ ಮೇಲೆ, ಬೋಳು ಗೋಡೆ ಕಂಡು ಮನುಷ್ಯನನ್ನು ತೂಗಿದ ಆ ಅಧ್ಯಕ್ಷೆಯ ಮೇಲೆ ಸಿಟ್ಟು ಕುದಿಯುತ್ತಲೇ ಇತ್ತು. ಮನೆ ಮುಟ್ಟುವ ಹೊತ್ತಿಗೆ ಒಂದು ಮಾತ್ರ ಖಚಿತವಾಗಿತ್ತು. ಅದೇ ಗೋಡೆಯ ಮುಂದೆ ಕೂತು ನಿಜ ಹೇಳುವುದು, ಬಂದದ್ದು ಬರಲಿ.

ಹೆಂಡತಿಗೆ ಹೇಳಿದೆ. "ಹುಡುಗಿ ಭವಿಷ್ಯದ ಪ್ರಶ್ನೆ ಐತ್ರಿ. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟು ಕೂಡಬ್ಯಾಡ್ರಿ," ಎಂದಳು. "ಆದ್ರ ಸುಳ್ಳ ಲೆಟರ್ ಬ್ಯಾಡ. ಅಷ್ಟು ನನಗೂ ಅನಸ್ತೈತಿ."

ಎರಡನೇ ಸಲ ಅದೇ ಕುರ್ಚಿ, ಅದೇ ಗೋಡೆ. ಅಧ್ಯಕ್ಷೆ, "ಹೇಳಿ" ಎಂದರು. ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಮೇಡಂ, ನೀವು ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನಗೆ ಯಾರೂ ಕೇಳಿಲ್ಲ. ನನ್ನನ್ನು ಎಲ್ಲರೂ ಕೇಳಿದ್ದು, ಯಾವಾಗ ಹೋಗುತ್ತೀ ಎಂದು. ಹೋಗುತ್ತೇನೆ ಎಂದವನನ್ನು ಇಲ್ಲಿ ಇರಲು ಬಿಡುತ್ತಾರೆ. ನೀವು ಇರುತ್ತೇನೆ ಎಂದವನನ್ನು ಇರಲು ಬಿಡುತ್ತೀರಿ. ನಾನು ಹಳೆಯ ಉತ್ತರವನ್ನೇ ಕೊಟ್ಟೆ. ಗೋಡೆ ನೋಡಿ ನೀವು ನನಗೆ ಊರಿನ ಮೇಲೆ ಮಮತೆ ಇಲ್ಲ ಅಂದುಕೊಂಡಿರಿ. ಅದು ನನಗೆ ಬಹಳ ಸಿಟ್ಟು ತರಿಸಿದೆ. ಹೇಳದೆ ಇರಲಾರೆ."

ಪಕ್ಕದ ಕೋಣೆಯಲ್ಲಿ ಹೆಂಡತಿ ಕೆಮ್ಮಿದಳು. ನಾನು ನಿಲ್ಲಿಸಲಿಲ್ಲ.

"ಒಂದು ಸಲ ಜೋರು ಮಳೆಯಾಗಿ ವಾದಿ ಉಕ್ಕಿ ಬಂತು. ವಾದಿ ಎಂದರೆ ನಮ್ಮ ಒಣ ಹಳ್ಳ. ಮಸ್ಕತ್ ರಸ್ತೆ ಕಡಿದುಹೋಯಿತು. ಸಾಫ್ಟ್‌ನರ್‌ಗೆ ಹಾಕುವ ಉಪ್ಪು ಮುಗಿಯುತ್ತ ಬಂದಿತ್ತು, ಕಂಪನಿಯ ಲಾರಿ ಬರುವಂತಿರಲಿಲ್ಲ. ನಮ್ಮ ಮನೆ ಮಾಲೀಕರು ತಮ್ಮ ಪಿಕಪ್ ತೆಗೆದು, ಬೆಟ್ಟದ ಮೇಲಿನ ಹಳ್ಳಿ ದಾರಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಿ, ಅಂಗಡಿ ಅಂಗಡಿ ತಿರುಗಿ ಉಪ್ಪಿನ ಚೀಲ ಹೊರಿಸಿಕೊಂಡು ಬಂದರು. ಒಂದು ದಿನವೂ ಡಯಾಲಿಸಿಸ್ ನಿಲ್ಲಲಿಲ್ಲ. ಮಂಚದ ಮೇಲಿದ್ದವರಲ್ಲಿ ಅವರ ಅಕ್ಕನೂ ಇದ್ದರು. ನನಗೆ ಮಸ್ಕತ್‌ನಲ್ಲಿ ಕೆಲಸ ಸಿಗುತ್ತಿತ್ತು, ನಾನು ಹೋಗಲಿಲ್ಲ. ಇದು ಊರಲ್ಲ ಎಂದರೆ ಊರು ಯಾವುದು? ನನಗೆ ಇದನ್ನು ಬಾಯಿಬಿಟ್ಟು ಹೇಳುವ ಹಕ್ಕಿಲ್ಲ, ಅಷ್ಟೆ. ಹಕ್ಕಿರುವ ಒಂದು ಸಣ್ಣ ಊರು ಕೊಡಿ, ಅಲ್ಲೂ ಹೀಗೇ ಇರುತ್ತೇನೆ."

ಕೆಡಿಸಿದೆ ಅಂದುಕೊಂಡೆ. ಮೀಸೆಯವರು ಮೀಸೆ ಸವರಿಕೊಳ್ಳುತ್ತ, "ಎಷ್ಟು ಚೀಲ ಉಪ್ಪು?" ಎಂದು ಕೇಳಿದರು. ಪಿಕಪ್ ಮುಲುಗುವಷ್ಟು ಎಂದೆ. ಅವರು ನಕ್ಕರು. ಅಧ್ಯಕ್ಷೆ ನಗಲಿಲ್ಲ. ಮನೆಯವರ ಜೊತೆ ಮಾತಾಡಬಹುದೇ ಎಂದರು. ಹೆಂಡತಿ ಬಂದು ನಮಸ್ಕಾರ ಹೇಳಿ ನಿಂತಳು. ಮಗಳು ಕುರ್ಚಿ ಎಳೆದುಕೊಂಡು ಕೂತಳು.

"ನಿನಗೆ ನಮ್ಮನ್ನು ಏನಾದರೂ ಕೇಳುವುದಿದೆಯಾ?" ಎಂದರು ಅಧ್ಯಕ್ಷೆ.

ಮಗಳು ಕೇಳಿದಳು: "ನಾನು ಓದುತ್ತಿರುವಾಗ ಅಪ್ಪನ ಕೆಲಸ ಹೋದರೆ, ನಾನೂ ಹೋಗಬೇಕಾ?"

"ಇಲ್ಲ. ಕಾರ್ಡ್ ಸಿಕ್ಕ ಮೇಲೆ ಅದು ನಿನ್ನದು. ನಿಮ್ಮಪ್ಪನದಲ್ಲ."

ಮಗಳು "ಓಕೆ" ಎಂದಳು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುತ್ತಿದ್ದದ್ದು ನನಗೂ ಕೇಳಿಸಿತು, ಆ ಕಡೆಯ ಇಬ್ಬರಿಗೂ ಕೇಳಿಸಿರಬೇಕು. ಹುಟ್ಟಿದ ಊರಿನಲ್ಲಿ ಸಿಗದ ಒಂದು ಮಾತನ್ನು ಭೂಮಿಯ ಆ ತುದಿಯ ಹೆಂಗಸೊಬ್ಬಳು ಪರದೆಯಲ್ಲಿ ಹೇಳಬೇಕಾಯಿತಲ್ಲ ಎಂದು ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಶಿಫಾರಸು ಬಂತು. ಸರ್ಕಾರದ ಹಂತ ಇನ್ನೂ ಬಾಕಿಯಿತ್ತು. ವೈದ್ಯಕೀಯ ಪರೀಕ್ಷೆ, ಬೆರಳಚ್ಚು ಎಂದು ತಿಂಗಳುಗಳು ಉರುಳಿದವು. ಅಷ್ಟೂ ದಿನ ನಾನು ಎಂದಿನಂತೆ ಬೆಳಿಗ್ಗೆ ಹೋಗಿ ಕ್ಲೋರಿನ್ ಪರೀಕ್ಷೆ ಮಾಡಿ ಸಹಿ ಹಾಕುತ್ತಿದ್ದೆ. ಕೊನೆಗೆ ಒಂದು ಶುಕ್ರವಾರ ಒಪ್ಪಿಗೆ ಬಂತು. ಹೆಂಡತಿ ಶಿರಾ ಮಾಡಿದಳು. ಮಗಳು ಮಾತ್ರ ನೇರವಾಗಿ ನನ್ನ ಟೂಲ್ ಬಾಕ್ಸ್ ತೆಗೆದು ಸುತ್ತಿಗೆ ಹುಡುಕತೊಡಗಿದಳು.

"ಏನ್ ಮಾಡ್ತಿ?"

"ಫೋಟೊ ಹಾಕ್ತೀನಿ."

ಟ್ರಂಕಿನಲ್ಲಿದ್ದ ಒಂದು ಫೋಟೊ ಅದು. ಖರ್ಜೂರದ ಮರದ ಕೆಳಗೆ ನಾವು ಮೂವರು, ಅವಳಿನ್ನೂ ತೊಡೆಯೆತ್ತರ. ಕೆನಡಾದ ಮನೆಗೆ ಒಯ್ಯೋಣ ಎಂದು ಅವಳ ಅಮ್ಮ ಫ್ರೇಮ್ ಹಾಕಿಸಿಟ್ಟಿದ್ದಳು.

"ಅಲ್ಲವ್ವಾ, ಇನ್ನೆರಡು ತಿಂಗಳದಾಗ ಖಾಲಿ ಮಾಡ್ತೀವಿ. ಈಗ ಹೊಡದು ಏನ್ ಮಾಡ್ತಿ?"

"ಅಪ್ಪಾ, ಪ್ಲೀಸ್. ಟೂ ಮಂತ್ಸ್ ಆದ್ರೂ ಇರ್ಲಿ."

ನಾನು ಸುತ್ತಿಗೆ ಕೊಟ್ಟೆ. ಗೋಡೆ ಗಟ್ಟಿ, ಮೊದಲ ಮೊಳೆ ಬಗ್ಗಿತು. ಎರಡನೆಯದನ್ನು ಹೊಡೆಯುವಾಗ ಸದ್ದಿಗೆ ಕೆಳಗಿನಿಂದ ಮನೆ ಮಾಲೀಕರು ಮೆಟ್ಟಿಲೇರಿ ಬಂದರು. ಒಡೆದ ಸುಣ್ಣ ನೆಲದ ಮೇಲೆ ಬಿದ್ದಿತ್ತು. ನನಗೆ ನಾಚಿಕೆಯಾಯಿತು. "ಕ್ಷಮಿಸಿ, ಹೋಗುವ ಮುಂಚೆ ಗೋಡೆ ಸರಿಮಾಡಿ ಬಣ್ಣ ಹೊಡೆಸಿಕೊಡುತ್ತೇನೆ" ಎಂದೆ, ನಮ್ಮ ಎಂದಿನ ಅರಬ್ಬಿ-ಹಿಂದಿ ಬೆರಕೆಯಲ್ಲಿ.

ಅವರು ನನ್ನ ಮಾತಿಗೆ ಗಮನ ಕೊಡಲಿಲ್ಲ. ಮಗಳ ಕೈಯಿಂದ ಫ್ರೇಮ್ ತೆಗೆದುಕೊಂಡು ತಮ್ಮ ಮರವನ್ನು ಗುರುತಿಸಿದರು. ತಾವೇ ಅದನ್ನು ಮೊಳೆಗೆ ತೂಗುಹಾಕಿ, ವಾಲಿದ್ದನ್ನು ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಇಷ್ಟು ವರ್ಷ ನೀವು ಒಂದು ಮೊಳೆಯನ್ನೂ ಹೊಡೆಯಲಿಲ್ಲ," ಎಂದರು. "ನಿಮಗೆ ನನ್ನ ಮನೆ ಇಷ್ಟವಿಲ್ಲ ಅಂದುಕೊಂಡಿದ್ದೆ."